ತಲೆಯಿಂದ ತಲೆಗೆ ದಾಟಿದ್ರೂ ಒಂದು ವಿಚಾರ ಕೆಡದೆ ಉಳಿಯೋದು ಹೇಗೆ?

ಹೇಳಿದ್ದು ತಲೆಗೆ ಹೋಯ್ತು ಅಂತೀವಿ, ತಲೆಗೆ ಹತ್ತಲಿಲ್ಲ ಅಂತೀವಿ, ಒಬ್ಬರ ವಿಚಾರ ಇನ್ನೊಬ್ಬರಿಗೆ ಮುಟ್ಟಿಸಿದ್ವಿ ಅಂತೀವಿ, ಆದ್ರೆ ಸ್ವಲ್ಪ ನಿಂತು ನೋಡಿದ್ರೆ ಅಲ್ಲಿಂದ ಇಲ್ಲಿಗೆ ಯಾವ ವಿಚಾರನೂ ಬರಲ್ಲ. ಬರೋದು ಗಾಳಿಯ ಕಂಪನ, ಕಾಗದದ ಮೇಲಿನ ಗೆರೆ, ಸ್ಕ್ರೀನ್ ಮೇಲಿನ ಬೆಳಕಿನ ಚುಕ್ಕೆ, ಅಷ್ಟೆ. ಅರ್ಥ ಅದರೊಳಗೆ ಕೂತ್ಕೊಂಡು ಪ್ರಯಾಣ ಮಾಡಲ್ಲ. ಕೇಳಿಸಿಕೊಳ್ಳೋರು ಆ ಸದ್ದನ್ನ ಒಂದು ಸುಳಿವು ಅಂತ ಹಿಡ್ಕೊಂಡು, ತಮ್ಮ ಹತ್ರ ಮೊದಲೇ ಇರೋ ಭಾಷೆ, ನೆನಪು, ಅನುಭವ ಎಲ್ಲಾ ಸೇರಿಸಿ ತಮ್ಮ ತಲೇಲಿ ಹೊಸದಾಗಿ ಒಂದು ವಿಚಾರ ಕಟ್ಕೋತಾರೆ. ಹೀಗಿರುವಾಗ ಜನ ಒಬ್ಬರನ್ನೊಬ್ಬರು ತಪ್ಪು ತಿಳ್ಕೊಳ್ಳೋದ್ರಲ್ಲಿ ದೊಡ್ಡ ಆಶ್ಚರ್ಯ ಏನೂ ಇಲ್ಲ. ನನಗೆ ಆಶ್ಚರ್ಯ ಆಗೋದು ಇನ್ನೊಂದಕ್ಕೆ: ಸುಮಾರು 2,300 ವರ್ಷದ ಹಿಂದೆ ಯಾರೋ ಬರೆದಿಟ್ಟ ಒಂದು ಗಣಿತದ ವಾದ, ಎಷ್ಟೋ ಭಾಷೆ ದಾಟಿ, ಎಷ್ಟೋ ಸಾವಿರ ತಲೆ ದಾಟಿ, ಇವತ್ತು ಹದಿಮೂರು ವರ್ಷದ ಹುಡುಗಿ ಒಬ್ಬಳ ತಲೇಲಿ ಅದೇ ಆಕಾರದಲ್ಲಿ ಎದ್ದು ನಿಲ್ಲತ್ತಲ್ಲ, ಅದು ಹೇಗೆ?

ಮೊದಲು, ಹೇಳೋರಿಗೆ ಈ ಕಷ್ಟ ಯಾಕೆ ಕಾಣಲ್ಲ ಅಂತ ನೋಡೋಣ. 1990ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಎಲಿಜಬೆತ್ ನ್ಯೂಟನ್ ಅನ್ನೋ ಸಂಶೋಧಕಿ ಒಂದು ಸರಳವಾದ ಪ್ರಯೋಗ ಮಾಡಿದ್ರು. ಒಬ್ಬರು ಎಲ್ಲರಿಗೂ ಗೊತ್ತಿರೋ ಒಂದು ಹಾಡನ್ನ ಮನಸ್ಸಲ್ಲಿ ಹಾಡ್ಕೊಂಡು ಅದರ ಲಯವನ್ನ ಮಾತ್ರ ಮೇಜಿನ ಮೇಲೆ ಬೆರಳಲ್ಲಿ ತಟ್ಟಬೇಕು, ಎದುರಿಗೆ ಕೂತವರು ಯಾವ ಹಾಡು ಅಂತ ಹೇಳ್ಬೇಕು. ತಟ್ಟೋರನ್ನ ಕೇಳಿದ್ರೆ ಅರ್ಧಕ್ಕರ್ಧ ಜನ ಕಂಡುಹಿಡೀತಾರೆ ಅಂದ್ರು. ನಿಜಕ್ಕೂ ಕಂಡುಹಿಡಿದದ್ದು 120 ಹಾಡುಗಳಲ್ಲಿ 3. ಯಾಕಂದ್ರೆ ತಟ್ಟೋರ ತಲೇಲಿ ರಾಗ, ಸಾಹಿತ್ಯ, ವಾದ್ಯ ಎಲ್ಲಾ ನಡೀತಾ ಇರತ್ತೆ, ಕೇಳೋರಿಗೆ ಮಾತ್ರ ಬರೀ ಟಕ್ ಟಕ್. ನಾವು ಒಂದು ವಿಷಯ ವಿವರಿಸುವಾಗಲೂ ಇದೇ ಆಗೋದು, ನಮ್ಮ ಮಾತು ನಮಗೆ ತುಂಬಿದ ಹಾಗೆ ಕೇಳ್ಸತ್ತೆ, ಯಾಕಂದ್ರೆ ಅದನ್ನ ತುಂಬಿಸ್ತಾ ಇರೋರು ನಾವೇ.

ಆದ್ರೂ ಸುಳಿವು ಸಾಕಷ್ಟಿದ್ದು ಇಬ್ಬರ ಹತ್ರಾನೂ ಕಟ್ಟೋ ಸಾಮಗ್ರಿ ಒಂದೇ ತರದ್ದು ಇದ್ರೆ ಕಟ್ಟಡ ಚೆನ್ನಾಗೇ ಏಳತ್ತೆ. 2010ರಲ್ಲಿ ಪ್ರಿನ್ಸ್‌ಟನ್‌ನ ಸ್ಟೀಫನ್ಸ್, ಸಿಲ್ಬರ್ಟ್, ಹ್ಯಾಸನ್ ಅನ್ನೋ ಮೂರು ಜನ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದ್ರು. ಒಬ್ಬರು ಮೆದುಳಿನ ಚಟುವಟಿಕೆ ಅಳೆಯೋ ಸ್ಕ್ಯಾನರ್ ಒಳಗೆ ಮಲಗಿ ಒಂದು ಘಟನೆ ಹೇಳ್ತಾರೆ, ಅದರ ರೆಕಾರ್ಡಿಂಗನ್ನ ಬೇರೆಯವರು ಸ್ಕ್ಯಾನರ್ ಒಳಗೆ ಮಲಗಿ ಕೇಳ್ತಾರೆ. ಕೇಳೋರ ಮೆದುಳಿನ ಎಷ್ಟೋ ಭಾಗಗಳಲ್ಲಿ ಚಟುವಟಿಕೆಯ ಏರಿಳಿತ ಹೇಳಿದವರ ಮೆದುಳಿನ ಏರಿಳಿತವನ್ನೇ ಸ್ವಲ್ಪ ತಡವಾಗಿ ಹಿಂಬಾಲಿಸ್ತಾ ಇತ್ತು. ಕೆಲವು ಭಾಗಗಳಲ್ಲಂತೂ ಕೇಳೋರೇ ಮುಂದೆ ಇದ್ರು, ಅಂದ್ರೆ ಮುಂದಿನ ಮಾತು ಏನು ಬರತ್ತೆ ಅಂತ ಊಹೆ ಮಾಡ್ತಾ ಇದ್ರು. ಯಾರಲ್ಲಿ ಈ ಹೊಂದಾಣಿಕೆ ಜಾಸ್ತಿ ಇತ್ತೋ ಅವರು ಕಥೆಯನ್ನ ಜಾಸ್ತಿ ಅರ್ಥ ಮಾಡ್ಕೊಂಡಿದ್ರು. ರಷ್ಯನ್ ಬರದೇ ಇರೋರಿಗೆ ರಷ್ಯನ್‌ನಲ್ಲಿ ಕಥೆ ಕೇಳಿಸಿದಾಗ ಹೊಂದಾಣಿಕೆ ಹೋಗ್ಬಿಡ್ತು, ಸದ್ದು ಕಿವಿಗೆ ಬೀಳ್ತಾನೇ ಇತ್ತು, ಕಟ್ಟೋದಕ್ಕೆ ಏನೂ ಇರಲಿಲ್ಲ.

ಸರಿ, ಕೇಳೋದು ಅಂದ್ರೆ ಕಟ್ಟೋದು ಅಂತಾಯ್ತು. ಹಾಗಾದ್ರೆ ಹತ್ತು ಜನರ ಸರಪಳಿಯಲ್ಲಿ ಹತ್ತು ಸಲ ಕಟ್ಟಿದ್ರೆ ಏನಾಗತ್ತೆ? ಇದನ್ನ ಗಂಭೀರವಾಗಿ ಪರೀಕ್ಷೆ ಮಾಡಿದವರು ಕೇಂಬ್ರಿಡ್ಜ್‌ನ ಮನಃಶಾಸ್ತ್ರಜ್ಞ ಫ್ರೆಡರಿಕ್ ಬಾರ್ಟ್‌ಲೆಟ್, 1932ರಲ್ಲಿ ಬಂದ ಅವರ ಪುಸ್ತಕದಲ್ಲಿ ಈ ಪ್ರಯೋಗಗಳ ವಿವರ ಇದೆ. ಉತ್ತರ ಅಮೆರಿಕದ ಮೂಲನಿವಾಸಿಗಳ ಒಂದು ಕಥೆಯನ್ನ ಅವರು ಇಂಗ್ಲೆಂಡಿನ ಜನರಿಗೆ ಓದಕ್ಕೆ ಕೊಟ್ರು. ಇಬ್ಬರು ಯುವಕರು ನದಿಗೆ ಸೀಲ್ ಅನ್ನೋ ಕಡಲಪ್ರಾಣಿಯ ಬೇಟೆಗೆ ಹೋಗ್ತಾರೆ, ದೋಣಿಯಲ್ಲಿ ಬಂದವರು ಯುದ್ಧಕ್ಕೆ ಕರೀತಾರೆ, ಒಬ್ಬ ಹೋಗ್ತಾನೆ, ಏಟು ಬಿದ್ರೂ ಅವನಿಗೆ ನೋವಾಗಲ್ಲ, ಇವರು ದೆವ್ವಗಳು ಅಂತ ಅಂದ್ಕೋತಾನೆ, ಮನೆಗೆ ಬಂದು ಎಲ್ಲಾ ಹೇಳ್ತಾನೆ, ಸೂರ್ಯ ಹುಟ್ಟೋ ಹೊತ್ತಿಗೆ ಬಾಯಿಂದ ಏನೋ ಕಪ್ಪಗಿರೋದು ಬಂದು ಸತ್ತು ಬೀಳ್ತಾನೆ. ಓದಿದವರು ನೆನಪಿಂದ ಬರೆದ್ರು, ಅವರು ಬರೆದದ್ದನ್ನ ಮುಂದಿನವರು ಓದಿ ನೆನಪಿಂದ ಬರೆದ್ರು, ಹೀಗೆ. ಕಥೆ ಚಿಕ್ಕದಾಯ್ತು, ಅದು ಎಲ್ಲರೂ ನಿರೀಕ್ಷೆ ಮಾಡೋದೆ. ಮುಖ್ಯ ಏನಂದ್ರೆ ಅದು ಒಂದು ದಿಕ್ಕಿಗೆ ಬದಲಾಯ್ತು: ಸೀಲ್ ಬೇಟೆ ಮೀನು ಹಿಡಿಯೋದಾಯ್ತು, ಅವರ ಕನೂ ಅನ್ನೋ ಕಿರುದೋಣಿ ಮಾಮೂಲಿ ದೋಣಿಯಾಯ್ತು, ದೆವ್ವಗಳು ಮಸುಕಾದ್ವು ಇಲ್ಲಾ ಮಾಯವಾದ್ವು, ಬಾಯಿಂದ ಬಂದ ಕಪ್ಪಿಗೆ ಯಾವುದಾದ್ರೂ ಒಂದು ಕಾರಣ ಸಿಕ್ತು. ವಿಚಿತ್ರವಾಗಿದ್ದದ್ದೆಲ್ಲ ಓದೋರ ಲೋಕಕ್ಕೆ ಒಗ್ಗೋ ಹಾಗೆ ಆಯ್ತು. ಚಿತ್ರಗಳಲ್ಲೂ ಅಷ್ಟೆ, ಈಜಿಪ್ಟಿನ ಗೂಬೆಯ ಒಂದು ರೇಖಾಚಿತ್ರ ಒಬ್ಬರಿಂದೊಬ್ಬರಿಗೆ ನಕಲಾಗ್ತಾ ಕೊನೆಗೆ ಬೆಕ್ಕಾಗಿ ನಿಂತ್ಕೊಂಡ್ತು. ಒಮ್ಮೆ ಬೆಕ್ಕಾದ ಮೇಲೆ ಅದು ಬೆಕ್ಕಾಗೇ ಉಳೀತು, ಯಾಕಂದ್ರೆ ಬೆಕ್ಕು ಎಲ್ಲರಿಗೂ ಗೊತ್ತು.

ಈ ಕೊನೆ ಮಾತನ್ನ ಹಿಡ್ಕೊಂಡಿರಿ, ಮುಂದೆ ಬೇಕಾಗತ್ತೆ.

ಒಗ್ಗಿಸ್ಕೊಳ್ಳೋ ಈ ಗುಣಕ್ಕೆ ಕೆಟ್ಟ ಮುಖಾನೂ ಇದೆ. ಗಾರ್ಡನ್ ಆಲ್‌ಪೋರ್ಟ್ ಮತ್ತು ಲಿಯೋ ಪೋಸ್ಟ್‌ಮನ್ ಅನ್ನೋ ಮನಃಶಾಸ್ತ್ರಜ್ಞರು ಅಮೆರಿಕದಲ್ಲಿ ಗಾಳಿಸುದ್ದಿ ಹೇಗೆ ಹರಡತ್ತೆ ಅಂತ ಅಧ್ಯಯನ ಮಾಡಿ 1947ರಲ್ಲಿ ಪ್ರಕಟಿಸಿದ್ರು. ರೈಲಿನ ಒಳಗಿನ ಒಂದು ಚಿತ್ರ, ಅದರಲ್ಲಿ ಬಿಳಿಯನೊಬ್ಬನ ಕೈಯಲ್ಲಿ ರೇಜರ್ ಇದೆ, ಅವನ ಎದುರು ಕಪ್ಪು ಮನುಷ್ಯನೊಬ್ಬ ನಿಂತಿದ್ದಾನೆ. ಮೊದಲನೆಯವರು ಚಿತ್ರ ನೋಡಿ ಹೇಳ್ತಾರೆ, ಎರಡನೆಯವರು ಕೇಳಿ ಮೂರನೆಯವರಿಗೆ ಹೇಳ್ತಾರೆ. ಐದಾರು ಬಾಯಿ ದಾಟೋ ಹೊತ್ತಿಗೆ ಸುಮಾರು 70% ವಿವರ ಉದುರಿ ಹೋಗಿತ್ತು, ಅಷ್ಟೇ ಆಗಿದ್ರೆ ಪರವಾಗಿಲ್ಲ, ಬಿಳಿಯರ ಗುಂಪುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಸಲ ಯಾವುದೋ ಒಂದು ಹಂತದಲ್ಲಿ ರೇಜರ್ ಕಪ್ಪು ಮನುಷ್ಯನ ಕೈಗೆ ಹೋಗಿತ್ತು. ಯಾರೂ ಬೇಕಂತ ಸುಳ್ಳು ಹೇಳಬೇಕಾಗಿರಲಿಲ್ಲ. ಖಾಲಿ ಬಿಟ್ಟ ಜಾಗವನ್ನ ಮನಸ್ಸು ತನ್ನ ಹತ್ರ ಇರೋ ಪೂರ್ವಗ್ರಹದಿಂದ ತುಂಬ್ಕೊಳ್ತು, ಮತ್ತೆ ಸರಪಳಿಯಲ್ಲಿದ್ದ ಎಲ್ಲರ ಹತ್ರಾನೂ ಅದೇ ಪೂರ್ವಗ್ರಹ ಇದ್ದದ್ರಿಂದ ಯಾರಿಗೂ ಅದು ತಪ್ಪು ಅಂತ ಕಾಣಲೇ ಇಲ್ಲ.

ಇಲ್ಲಿವರೆಗೆ ನೋಡಿದ್ರೆ ಎಲ್ಲಾ ವಿಚಾರಗಳೂ ದಾಟ್ತಾ ದಾಟ್ತಾ ಕೆಟ್ಟು ಹೋಗ್ಬೇಕು ಅನ್ಸತ್ತೆ. ಆದ್ರೆ ಹಾಗಾಗಲ್ಲ. ಇದರ ಬಗ್ಗೆ ಇಬ್ಬರು ಚಿಂತಕರ ನಡುವೆ ನಡೆದ ಒಂದು ವಾದ ನನಗೆ ಇಡೀ ವಿಷಯದ ಬೀಗದ ಕೈ ಅನ್ಸತ್ತೆ. ಒಬ್ಬರು ಜೀವವಿಜ್ಞಾನಿ ರಿಚರ್ಡ್ ಡಾಕಿನ್ಸ್. 1976ರಲ್ಲಿ ‘ಮೀಮ್’ ಅನ್ನೋ ಪದ ಹುಟ್ಟಿಸಿದವರು ಇವರೇ, ಜೀನ್‌ಗಳು ನಕಲಾಗೋ ಹಾಗೆ ವಿಚಾರಗಳೂ ತಲೆಯಿಂದ ತಲೆಗೆ ನಕಲಾಗ್ತವೆ ಅನ್ನೋದು ಅವರ ಮಾತು. ಅದಕ್ಕೆ ಬಂದ ದೊಡ್ಡ ಆಕ್ಷೇಪ ಏನಂದ್ರೆ ಜೀನ್ ಅಷ್ಟು ನಿಖರವಾಗಿ ನಕಲಾಗತ್ತೆ, ವಿಚಾರ ಎಲ್ಲಿ ಹಾಗೆ ಆಗತ್ತೆ ಅಂತ. ಅದಕ್ಕೆ ಡಾಕಿನ್ಸ್ ಕೊಟ್ಟ ಉತ್ತರ ಚೆನ್ನಾಗಿದೆ. ಒಂದು ಹಡಗಿನ ಚಿತ್ರವನ್ನ ಇಪ್ಪತ್ತು ಮಕ್ಕಳು ಒಬ್ಬರದ್ದನ್ನ ನೋಡಿ ಇನ್ನೊಬ್ಬರು ಬರೀತಾ ಹೋದ್ರೆ ಕೊನೆಯ ಮಗುವಿನ ಚಿತ್ರ ಗುರುತೇ ಸಿಗಲ್ಲ. ಅದೇ ಕಾಗದ ಮಡಚಿ ಹಡಗು ಮಾಡೋದನ್ನ ಒಬ್ಬರಿಂದೊಬ್ಬರು ಕಲಿತ್ರೆ ಇಪ್ಪತ್ತನೇ ಮಗುವಿನ ಹಡಗೂ ಹಡಗಾಗೇ ಇರತ್ತೆ. ಮಧ್ಯದಲ್ಲಿ ಒಂದು ಮಗು ಅಂಚನ್ನ ಸ್ವಲ್ಪ ಸೊಟ್ಟಗೆ ಮಡಚಿದ್ರೂ ನೋಡ್ತಾ ಇರೋ ಮಗು ಸೊಟ್ಟನ್ನ ಕಲಿಯಲ್ಲ, “ಮೂಲೆಯನ್ನ ಸರಿಯಾಗಿ ಮಧ್ಯಕ್ಕೆ ತರಬೇಕು” ಅನ್ನೋ ಉದ್ದೇಶವನ್ನ ಕಲೀತದೆ. ಹಂತಗಳನ್ನ ಎಣಿಸಬಹುದು, ಒಂದು ಹಂತ ಬಿಟ್ರೆ ಹಡಗೇ ಆಗಲ್ಲ.

ಇನ್ನೊಬ್ಬರು ಫ್ರಾನ್ಸಿನ ಮಾನವಶಾಸ್ತ್ರಜ್ಞ ಡಾನ್ ಸ್ಪರ್ಬರ್. ಅವರು ಹೇಳೋದು, ಸ್ವಾಮಿ, ನೀವು ವರ್ಣಿಸ್ತಾ ಇರೋದು ನಕಲೇ ಅಲ್ಲ. ಐದು ಮೂಲೆಯ ನಕ್ಷತ್ರವನ್ನ ಒಬ್ಬರು ಕೆಟ್ಟದಾಗಿ ಬರೆದು ತೋರಿಸಿದ್ರೂ ನೋಡಿದವರು “ಓ, ನಕ್ಷತ್ರ” ಅಂದ್ಕೊಂಡು ತಮ್ಮದೇ ನಕ್ಷತ್ರ ಬರೀತಾರೆ. ಅರ್ಥ ಇಲ್ಲದ ಗೀಚು ತೋರಿಸಿದ್ರೆ ಮಾತ್ರ ನಿಜವಾಗಿ ನಕಲು ಮಾಡಕ್ಕೆ ಹೋಗ್ತಾರೆ, ಮತ್ತೆ ಅದೇ ಬೇಗ ಕೆಡೋದು. ಅಂದ್ರೆ ನಕ್ಷತ್ರ ಉಳಿದದ್ದು ನೋಡಿದವರ ತಲೇಲಿ ಮೊದಲೇ ಒಂದು ನಕ್ಷತ್ರ ಇದ್ದದ್ರಿಂದ. ಮನಸ್ಸುಗಳು ಕೆಲವು ಆಕಾರಗಳ ಕಡೆಗೆ ವಾಲಿಕೊಂಡಿರ್ತವೆ, ಹತ್ತಿರಕ್ಕೆ ಬಂದ ವಿಚಾರವನ್ನ ಆ ಕಡೆಗೆ ಎಳ್ಕೊಳ್ತವೆ. ಗೂಬೆ ಬೆಕ್ಕಾದದ್ದೂ, ನಕ್ಷತ್ರ ನಕ್ಷತ್ರವಾಗೇ ಉಳಿದದ್ದೂ ಎರಡೂ ಒಂದೇ ಸೆಳೆತದಿಂದ.

ಇವರಿಬ್ಬರನ್ನೂ ಒಟ್ಟಿಗೆ ಇಟ್ಟು ನೋಡಿದಾಗ ನನಗೆ ತೋಚೋದು ಇಷ್ಟು. ಒಂದು ವಿಚಾರ ಉಳಿಯೋದು ಯಾರೂ ತಪ್ಪು ಮಾಡದೇ ಇರೋದ್ರಿಂದ ಅಂತ ನಾವು ಅಂದ್ಕೋತೀವಿ, ಆದ್ರೆ ಪ್ರತಿಯೊಬ್ಬರೂ ತಪ್ಪು ಮಾಡೇ ಮಾಡ್ತಾರೆ. ಉಳಿಯೋ ವಿಚಾರಗಳಲ್ಲಿ ತಪ್ಪು ಕಣ್ಣಿಗೆ ಬೀಳತ್ತೆ, ಅದೇ ವ್ಯತ್ಯಾಸ. ಕಾಗದದ ಹಡಗು ಬಿಚ್ಚಿಕೊಳ್ಳತ್ತೆ, ನಕ್ಷತ್ರಕ್ಕೆ ಆರು ಮೂಲೆ ಬಂದ್ರೆ ಎದ್ದು ಕಾಣತ್ತೆ. ರೇಜರ್ ಕೈ ಬದಲಾದ್ರೆ ಏನೂ ಬಿಚ್ಚಿಕೊಳ್ಳಲ್ಲ, ಕಥೆ ಮೊದಲಿಗಿಂತ ಸಲೀಸಾಗೇ ಓಡತ್ತೆ, ಅದೇ ಅಪಾಯ.

ಹಾಗಾದ್ರೆ ತಪ್ಪು ಕಾಣೋ ಹಾಗೆ ಮಾಡೋದು ಹೇಗೆ? ಇದಕ್ಕೆ ಮನುಷ್ಯರು ಬಹಳ ಹಿಂದೇನೇ ಉಪಾಯ ಕಂಡ್ಕೊಂಡಿದ್ದಾರೆ. ಕ್ಲಾಡ್ ಶಾನನ್ 1948ರಲ್ಲಿ ಮಾಹಿತಿ ಸಿದ್ಧಾಂತವನ್ನ ಬರೆದಾಗ ಗಣಿತದ ಭಾಷೇಲಿ ಹೇಳಿದ ಒಂದು ಮುಖ್ಯ ಮಾತು, ಗದ್ದಲ ಇರೋ ದಾರೀಲೂ ಸಂದೇಶ ಸರಿಯಾಗಿ ಮುಟ್ಟಿಸಬಹುದು, ಆದ್ರೆ ಅದಕ್ಕೆ ಬೆಲೆ ಕೊಡಬೇಕು, ಅಂದ್ರೆ ಬೇಕಾದದ್ದಕ್ಕಿಂತ ಹೆಚ್ಚಿನ ಕಟ್ಟುಪಾಡು ಸಂದೇಶದ ಒಳಗೇ ಇರಬೇಕು. 1950ರಲ್ಲಿ ರಿಚರ್ಡ್ ಹ್ಯಾಮಿಂಗ್ ಕಂಪ್ಯೂಟರ್‌ಗಳಿಗೆ ತಪ್ಪು ತಾವೇ ಹಿಡಿದು ತಿದ್ದಿಕೊಳ್ಳೋ ಕೋಡ್ ತೋರಿಸಿದ್ರು. ಇದನ್ನ ಓದಿದಾಗ ನನಗೆ ಛಂದಸ್ಸು ನೆನಪಾಗದೆ ಇರಲ್ಲ. ಭಾಮಿನಿ ಷಟ್ಪದಿ ತಗೊಳ್ಳಿ: ಒಂದು, ಎರಡು, ನಾಲ್ಕು, ಐದನೇ ಸಾಲಿನಲ್ಲಿ ಮೂರು ನಾಲ್ಕು ಮೂರು ನಾಲ್ಕು ಅಂತ 14 ಮಾತ್ರೆ, ಮೂರು ಮತ್ತು ಆರನೇ ಸಾಲಿನಲ್ಲಿ 23, ಒಟ್ಟು 102, ಅದರ ಮೇಲೆ ಪ್ರತಿ ಸಾಲಿನ ಎರಡನೇ ಅಕ್ಷರ ಪ್ರಾಸಕ್ಕೆ ಕೂಡಬೇಕು. ಹಾಡೋರು ಒಂದು ಪದ ಮರೆತು ಬೇರೆ ಪದ ಹಾಕಿದ್ರೆ ಲಯ ಮುಗ್ಗರಿಸತ್ತೆ, ಅರ್ಥ ಗೊತ್ತಿಲ್ಲದವರ ಕಿವಿಗೂ ಅದು ಚುಚ್ಚತ್ತೆ. ಛಂದಸ್ಸು ಅಂದ್ರೆ ಬರೀ ಅಲಂಕಾರ ಅಂದ್ಕೊಂಡೋರು ಈ ಕೆಲಸವನ್ನ ಗಮನಿಸಿರಲ್ಲ, ಅದು ತಪ್ಪು ಹಿಡಿಯೋ ಯಂತ್ರ.

ಈ ದಾರೀಲಿ ಎಲ್ಲರಿಗಿಂತ ದೂರ ಹೋದವರು ವೇದಪಾಠದ ಪರಂಪರೆಯವರು. ಋಗ್ವೇದದಲ್ಲಿ 1,028 ಸೂಕ್ತ, ಹತ್ತು ಸಾವಿರಕ್ಕೂ ಮೀರಿದ ಮಂತ್ರ, ಬರಹದ ಆಸರೆ ಇಲ್ಲದೆ ಸಾವಿರಾರು ವರ್ಷ ಬಾಯಿಂದ ಬಾಯಿಗೆ ಬಂದಿದೆ, ಸ್ವರದ ಏರಿಳಿತ ಸಮೇತ. 2003ರಲ್ಲಿ ಯುನೆಸ್ಕೋ ಈ ವೇದಪಠಣದ ಪರಂಪರೆಯನ್ನ ಮನುಕುಲದ ಪರಂಪರೆ ಅಂತ ಘೋಷಿಸ್ತು. ಇದರ ಒಳಗಿನ ತಂತ್ರ ನೋಡಿ. ಪದಪಾಠದಲ್ಲಿ ಸಂಧಿ ಬಿಡಿಸಿ ಒಂದೊಂದೇ ಪದ ಹೇಳ್ತಾರೆ. ಕ್ರಮಪಾಠದಲ್ಲಿ ಪದಗಳನ್ನ ಒಂದು ಎರಡು, ಎರಡು ಮೂರು, ಮೂರು ನಾಲ್ಕು ಹೀಗೆ ಜೋಡಿ ಜೋಡಿಯಾಗಿ. ಜಟಾಪಾಠದಲ್ಲಿ ಒಂದು ಎರಡು, ಎರಡು ಒಂದು, ಒಂದು ಎರಡು. ಘನಪಾಠದಲ್ಲಿ ಒಂದು ಎರಡು, ಎರಡು ಒಂದು, ಒಂದು ಎರಡು ಮೂರು, ಮೂರು ಎರಡು ಒಂದು, ಒಂದು ಎರಡು ಮೂರು. ಒಂದೇ ಪದ ಮುಂದಿನದ್ದರ ಜೊತೆ, ಹಿಂದಿನದ್ದರ ಜೊತೆ, ತಿರುಗಾ ಮುರುಗಾ ಬರತ್ತೆ. ಒಂದು ಪಾಠದಲ್ಲಿ ಪದ ಬಿಟ್ಟು ಹೋದ್ರೆ ಇನ್ನೊಂದು ಪಾಠ ಅದನ್ನ ಹಿಡಿದು ಕೊಡತ್ತೆ. ಅರ್ಥಕ್ಕೆ ತಕ್ಕ ಹಾಗೆ ಪದ ಬದಲಾಯಿಸೋಣ ಅನ್ನೋ ಆ ಸೆಳೆತ ಇದೆಯಲ್ಲ, ಬಾರ್ಟ್‌ಲೆಟ್ ಕಂಡದ್ದು, ಅದಕ್ಕೆ ಇಲ್ಲಿ ಜಾಗನೇ ಇಲ್ಲ, ಯಾಕಂದ್ರೆ ತಿರುಗಿಸಿ ಹೇಳುವಾಗ ವಾಕ್ಯಕ್ಕೆ ಅರ್ಥವೇ ಇರಲ್ಲ.

ಆದ್ರೆ ಇಲ್ಲೇ ಒಂದು ಗಂಭೀರವಾದ ಪ್ರಶ್ನೆ ಬರತ್ತೆ, ಉಳಿದದ್ದು ಏನು? ಶಬ್ದ ಉಳೀತು, ಅರ್ಥ? ವೇದದ ಪದಗಳ ಅರ್ಥ ಬಿಡಿಸೋ ಯಾಸ್ಕನ ನಿರುಕ್ತ ಕ್ರಿಸ್ತಪೂರ್ವ ಕಾಲದ್ದು, ಅದರಲ್ಲೇ ಕೌತ್ಸ ಅನ್ನೋನ ವಾದ ಬರತ್ತೆ, ಮಂತ್ರಗಳಿಗೆ ಅರ್ಥ ಇಲ್ಲ ಅಂತ. ಯಾಸ್ಕ ಅದನ್ನ ಒಪ್ಪಲ್ಲ, ಕುರುಡನಿಗೆ ಕಂಬ ಕಾಣದಿದ್ರೆ ಅದು ಕಂಬದ ತಪ್ಪಲ್ಲ ಅಂತ ಉತ್ತರ ಕೊಡ್ತಾನೆ. ಯಾರು ಸರಿ ಅನ್ನೋದಕ್ಕಿಂತ ಅಂಥ ವಾದ ಅಷ್ಟು ಹಿಂದೇನೇ ಹುಟ್ಟಿತ್ತು ಅನ್ನೋದು ಮುಖ್ಯ. ತಪ್ಪು ಹಿಡಿಯೋ ಯಂತ್ರ ಯಾವುದಕ್ಕೆ ಕಾವಲಿರತ್ತೋ ಅದು ಮಾತ್ರ ಉಳಿಯತ್ತೆ. ಶಬ್ದಕ್ಕೆ ಕಾವಲಿಟ್ರೆ ಶಬ್ದ ಉಳಿಯತ್ತೆ, ಅರ್ಥಕ್ಕೆ ಬೇರೆ ಕಾವಲು ಬೇಕು.

ಇದಕ್ಕೆ ತದ್ವಿರುದ್ಧ ಉದಾಹರಣೆ ಯುಗೊಸ್ಲಾವಿಯಾದ ಹಾಡುಗಾರರು. 1930ರ ದಶಕದಲ್ಲಿ ಮಿಲ್ಮನ್ ಪ್ಯಾರಿ ಮತ್ತು ಆಲ್ಬರ್ಟ್ ಲಾರ್ಡ್ ಅನ್ನೋ ಸಂಶೋಧಕರು ಅಲ್ಲಿಗೆ ರೆಕಾರ್ಡಿಂಗ್ ಯಂತ್ರ ತಗೊಂಡು ಹೋಗಿ ಮಹಾಕಾವ್ಯ ಹಾಡೋರನ್ನ ಕಂಡ್ರು. ನಾನು ಕಲಿತದ್ದನ್ನ ಅಕ್ಷರ ಬಿಡದೆ ಹಾಗೇ ಹಾಡ್ತೀನಿ ಅಂತ ಹಾಡುಗಾರರು ಪ್ರಾಮಾಣಿಕವಾಗೇ ಹೇಳ್ತಿದ್ರು, ರೆಕಾರ್ಡಿಂಗ್ ಹೋಲಿಸಿ ನೋಡಿದ್ರೆ ಸಾಲಿಗೆ ಸಾಲು ಬೇರೆ. ಅವ್ದೊ ಮೆಜೆದೊವಿಚ್ ಅನ್ನೋ ಹಾಡುಗಾರ ತಾನು ಹಿಂದೆ ಕೇಳದೇ ಇದ್ದ ಸುಮಾರು 2,300 ಸಾಲಿನ ಒಂದು ಹಾಡನ್ನ ಒಮ್ಮೆ ಕೇಳಿ, ತಿರುಗಿ ಹಾಡಿದಾಗ ಅದು 6,300 ಸಾಲಿಗೂ ಮೀರಿ ಬೆಳೆದಿತ್ತು, ಕಥೆಯ ಎಲುಬುಗೂಡು ಮಾತ್ರ ಅದೇ. ಅವರಿಗೆ “ಅದೇ ಹಾಡು” ಅಂದ್ರೆ ಅದೇ ಘಟನೆಗಳು, ಅದೇ ಕ್ರಮ, ಅದೇ ಕಟ್ಟೋ ಶೈಲಿ. ನನಗೆ ಇವರು ವೇದಪಾಠಿಗಳಿಗಿಂತ ಮೇಲೂ ಅಲ್ಲ ಕೀಳೂ ಅಲ್ಲ, ಕಾವಲನ್ನ ಬೇರೆ ಜಾಗದಲ್ಲಿ ಇಟ್ಟವರು.

ಇನ್ನೊಂದು ವಿಷಯ, ದಾಟುವಾಗ ಆಗೋ ಬದಲಾವಣೆ ಎಲ್ಲಾ ನಷ್ಟ ಅಲ್ಲ. 2008ರಲ್ಲಿ ಎಡಿನ್‌ಬರೋದ ಸೈಮನ್ ಕರ್ಬಿ ಮತ್ತು ಜೊತೆಯವರು ಮಾಡಿದ ಪ್ರಯೋಗ ನೋಡಿ. ಮೂರು ಆಕಾರ, ಮೂರು ಬಣ್ಣ, ಮೂರು ತರದ ಚಲನೆ, ಒಟ್ಟು 27 ಚಿತ್ರ, ಪ್ರತಿಯೊಂದಕ್ಕೂ ಬಾಯಿಗೆ ಬಂದ ಹಾಗೆ ಒಂದೊಂದು ಅರ್ಥವಿಲ್ಲದ ಹೆಸರು. ಒಬ್ಬರಿಗೆ ಸುಮಾರು ಅರ್ಧ ಮಾತ್ರ ಕಲಿಸ್ತಾರೆ, ಆದ್ರೆ ಪರೀಕ್ಷೆ ಎಲ್ಲದಕ್ಕೂ. ಅವರು ಕೊಟ್ಟ ಉತ್ತರಗಳೇ ಮುಂದಿನವರಿಗೆ ಪಾಠ. ಹೀಗೆ ಹತ್ತು ತಲೆಮಾರು. ಬೇರೆ ಬೇರೆ ಚಿತ್ರಕ್ಕೆ ಒಂದೇ ಹೆಸರು ಬಂದ್ರೆ ಅದನ್ನ ಮುಂದಕ್ಕೆ ಬಿಡದೆ ಸೋಸಿದ ಸರಪಳಿಗಳಲ್ಲಿ, ಕೊನೆಗೆ ಹೆಸರಿನ ಮೊದಲ ಭಾಗ ಬಣ್ಣ ಹೇಳೋದು, ಮಧ್ಯದ್ದು ಆಕಾರ, ಕೊನೆಯದ್ದು ಚಲನೆ ಅನ್ನೋ ತರದ ವ್ಯವಸ್ಥೆ ಬಂದ್ಬಿಟ್ಟಿತ್ತು, ಯಾರೂ ಯೋಜನೆ ಹಾಕದೆ. ಅರ್ಧ ಕೇಳಿದ್ರೂ ಪೂರ್ತಿ ಕಟ್ಕೊಳ್ಳೋಕೆ ಆಗೋದು ಮಾತ್ರ ದಾಟಕ್ಕೆ ಸಾಧ್ಯ ಇತ್ತು, ಹಾಗಾಗಿ ದಾಟಿ ದಾಟಿ ಅದಕ್ಕೆ ಒಳಗಡೆ ಕ್ರಮ ಬಂತು. ಅಲ್ಲಿಂದ ಮುಂದೆ ಅದು ಕೆಡೋದು ಕಮ್ಮಿ ಆಯ್ತು, ಯಾಕಂದ್ರೆ ಒಂದು ಹೆಸರು ಮರೆತ್ರೆ ಉಳಿದವು ಅದನ್ನ ಹೇಳಿಕೊಡ್ತವೆ.

ಈಗ ಆ ಗಣಿತದ ಹುಡುಗಿ ಹತ್ರ ಬರೋಣ. ಕ್ರಿಸ್ತಪೂರ್ವ 300ರ ಸುಮಾರಿನ ಯೂಕ್ಲಿಡ್ ಬರೆದದ್ದು ಗ್ರೀಕ್‌ನಿಂದ ಅರೇಬಿಕ್‌ಗೆ ಹೋಯ್ತು, 12ನೇ ಶತಮಾನದಲ್ಲಿ ಅರೇಬಿಕ್‌ನಿಂದ ಲ್ಯಾಟಿನ್‌ಗೆ ಬಂತು, 1482ರಲ್ಲಿ ವೆನಿಸ್‌ನಲ್ಲಿ ಅಚ್ಚಾಯ್ತು, ಆಮೇಲೆ ಎಲ್ಲಾ ಕಡೆ. ಅದರಲ್ಲಿ ಅವಿಭಾಜ್ಯ ಸಂಖ್ಯೆಗಳಿಗೆ ಕೊನೆ ಇಲ್ಲ ಅನ್ನೋದರ ಸಾಧನೆ, ಅಂದ್ರೆ ಪ್ರೂಫ್, ಇದೆ. ನಿನ್ನ ಪಟ್ಟೀಲಿರೋ ಅವಿಭಾಜ್ಯಗಳನ್ನೆಲ್ಲ ಗುಣಿಸಿ ಒಂದು ಕೂಡು, ಬಂದ ಸಂಖ್ಯೆಯನ್ನ ಪಟ್ಟಿಯ ಯಾವುದರಿಂದ ಭಾಗಿಸಿದ್ರೂ ಒಂದು ಉಳಿಯತ್ತೆ, ಅಂದ್ರೆ ಪಟ್ಟೀಲಿ ಇಲ್ಲದ ಒಂದು ಅವಿಭಾಜ್ಯ ಇರಲೇಬೇಕು. ಈಗ ಇದನ್ನ ದಾಟಿಸುವಾಗ ಯಾರೋ “ಒಂದು ಕೂಡು” ಅನ್ನೋದನ್ನ ಮರೆತ್ರು ಅಂದ್ಕೊಳ್ಳಿ. ಕೇಳಿದ ಹುಡುಗಿ ಮಾಡಿ ನೋಡ್ತಾಳೆ, ಗುಣಲಬ್ಧ ಪಟ್ಟಿಯ ಎಲ್ಲದರಿಂದಲೂ ಭಾಗ ಆಗತ್ತೆ, ವಾದ ಅಲ್ಲೇ ಕುಸಿಯತ್ತೆ. ಸ್ವಲ್ಪ ಚುರುಕಿದ್ರೆ ಕಳೆದುಹೋದ ಆ ಒಂದನ್ನ ಅವಳೇ ತಿರುಗಿ ಕಂಡುಹಿಡೀತಾಳೆ, ಮೂಲ ಪುಸ್ತಕವನ್ನ ಮುಟ್ಟದೆ. ಸಾಧನೆಯ ಪ್ರತಿ ಹೆಜ್ಜೆ ಪಕ್ಕದ ಹೆಜ್ಜೆಗೆ ಕಾವಲು, ಮತ್ತೆ ಇಲ್ಲಿ ಕಾವಲಿರೋದು ಅರ್ಥಕ್ಕೇ. ಭಾಷೆ ಬದಲಾಗಲಿ, ಪದಗಳೆಲ್ಲ ಬದಲಾಗಲಿ, ವಾದದ ಆಕಾರಕ್ಕೆ ಏನೂ ಆಗಲ್ಲ. ಮನುಷ್ಯರು ಕಂಡ್ಕೊಂಡ ದಾಟಿಸೋ ವಿಧಾನಗಳಲ್ಲಿ ನನಗೆ ಎಲ್ಲಕ್ಕಿಂತ ಸುಂದರ ಅನ್ಸೋದು ಇದು.

ಕಾರಣ ಬಿಟ್ಟು ತೀರ್ಮಾನ ಮಾತ್ರ ದಾಟಿದ್ರೆ ಏನಾಗತ್ತೆ ಅನ್ನೋದಕ್ಕೆ ಭೌತವಿಜ್ಞಾನಿ ಶ್ರೋಡಿಂಗರ್ ಕಲ್ಪಿಸಿಕೊಂಡ ಪೆಟ್ಟಿಗೆಯೊಳಗಿನ ಬೆಕ್ಕು ಸಾಕು. 1935ರಲ್ಲಿ ಅವರು ಆ ಬೆಕ್ಕನ್ನ ತಂದದ್ದು ಪರಮಾಣುವಿನಷ್ಟು ಸಣ್ಣ ವಸ್ತುಗಳ ಬಗ್ಗೆ ಹೇಳೋ ಕ್ವಾಂಟಮ್ ಸಿದ್ಧಾಂತದ ಆಗಿನ ವ್ಯಾಖ್ಯಾನವನ್ನ ದೊಡ್ಡ ವಸ್ತುಗಳಿಗೂ ಹಾಗೇ ಹಚ್ಚಿದ್ರೆ ಎಂಥ ಅಸಂಬದ್ಧಕ್ಕೆ ಹೋಗಿ ಮುಟ್ಟತ್ತೆ ಅಂತ ತೋರಿಸೋಕೆ. ಜನರ ಬಾಯಲ್ಲಿ ದಾಟ್ತಾ ದಾಟ್ತಾ ವಾದ ಉದುರಿ ಹೋಯ್ತು, ಬೆಕ್ಕು ಉಳೀತು, ಈಗ ಎಷ್ಟೋ ಜನ ಬೆಕ್ಕು ಒಟ್ಟಿಗೇ ಸತ್ತೂ ಬದುಕಿಯೂ ಇರತ್ತೆ ಅಂತ ಶ್ರೋಡಿಂಗರ್ ಹೇಳಿದ್ರು ಅನ್ನೋ ಹಾಗೆ ಹೇಳ್ತಾರೆ. ಆಕ್ಷೇಪ ಹೇಳೋಕೆ ತಂದದ್ದು ಸಮರ್ಥನೆ ಆಗಿ ಕೂತಿದೆ. ಚಿತ್ರ ಅಷ್ಟು ಗಟ್ಟಿಯಾಗಿ ಮನಸ್ಸಲ್ಲಿ ಕೂತದ್ದೇ ಇದಕ್ಕೆ ದಾರಿ ಮಾಡ್ತು, ವಾದ ಇಲ್ಲದೇನೂ ಅದು ಪೂರ್ತಿ ಇದ್ದ ಹಾಗೆ ಕಾಣತ್ತೆ, ಏನೋ ಕಳೆದಿದೆ ಅಂತ ಯಾರಿಗೂ ಅನ್ಸಲ್ಲ.

ಕಾವಲು ಇಲ್ಲದಿದ್ರೆ ಎಷ್ಟು ದೊಡ್ಡ ಬೆಲೆ ತೆರಬೇಕಾಗತ್ತೆ ಅನ್ನೋದಕ್ಕೆ 1977ರ ಮಾರ್ಚ್ 27ರಂದು ಸ್ಪೇನಿನ ಟೆನೆರಿಫ್ ದ್ವೀಪದಲ್ಲಿ ಆದ ದುರಂತ ನೆನಪಿಸ್ಕೊಳ್ಳಬೇಕು. ಮಂಜು ಕವಿದ ರನ್‌ವೇ ಮೇಲೆ ಎರಡು ಬೋಯಿಂಗ್ 747 ಡಿಕ್ಕಿ ಹೊಡೆದು 583 ಜನ ಸತ್ರು. ಅವುಗಳಲ್ಲೊಂದಾದ ಡಚ್ ಕಂಪನಿ ಕೆಎಲ್‌ಎಮ್‌ನ ವಿಮಾನಕ್ಕೆ ಸಿಕ್ಕಿದ್ದು ಹಾರಿದ ಮೇಲೆ ಯಾವ ದಾರಿ ಹಿಡೀಬೇಕು ಅನ್ನೋ ಅನುಮತಿ, ಹಾರೋದಕ್ಕೆ ಅನುಮತಿ ಇನ್ನೂ ಸಿಕ್ಕಿರಲಿಲ್ಲ. ಆದ್ರೆ ಆ ಸಂದೇಶದೊಳಗೂ ‘ಟೇಕಾಫ್’ ಅನ್ನೋ ಪದ ಇತ್ತು. ವಿಮಾನದವರು ಅದನ್ನ ವಾಪಸ್ ಓದಿ ಹೇಳಿದ್ರು, ಕೊನೆಗೆ ‘ನಾವೀಗ ಟೇಕಾಫ್‌ನಲ್ಲಿದ್ದೀವಿ’ ಅನ್ನೋ ತರದ ಮಾತು ಸೇರಿಸಿದ್ರು. ಹೊರಟಾಗಿದೆ ಅಂತಾನೂ ಅದಕ್ಕೆ ಅರ್ಥ ಬರತ್ತೆ, ಹೊರಡೋ ಜಾಗದಲ್ಲಿ ನಿಂತಿದ್ದೀವಿ ಅಂತಾನೂ ಬರತ್ತೆ. ಟವರ್‌ನವರು ‘ಓಕೆ’ ಅಂದ್ರು, ಆಮೇಲೆ ನಾನು ಕರೆಯೋವರೆಗೆ ಕಾಯಿರಿ ಅಂದದ್ದು, ಅದೇ ಕ್ಷಣದಲ್ಲಿ ಇನ್ನೊಂದು ವಿಮಾನದವರೂ ಮಾತಾಡಿದ್ರಿಂದ ರೇಡಿಯೋದಲ್ಲಿ ಕಿರುಗುಟ್ಟೋ ಸದ್ದಿನ ಕೆಳಗೆ ಮುಚ್ಚಿಹೋಯ್ತು. ಮಾತು ಹೋಯ್ತು, ಉತ್ತರ ಬಂತು, ವಾಪಸ್ ಓದಿಯೂ ಆಯ್ತು, ಆದ್ರೆ ಎರಡು ತಲೇಲಿ ಎರಡು ಚಿತ್ರ, ಮತ್ತೆ ಆಡಿದ ಪದ ಎರಡಕ್ಕೂ ಹೊಂದ್ತಿತ್ತು, ಹಾಗಾಗಿ ತಪ್ಪು ಯಾರಿಗೂ ಎದ್ದು ಕಾಣಲಿಲ್ಲ. ಆಮೇಲೆ ನಿಯಮ ಬದಲಾಯ್ತು, ಹಾರೋದಕ್ಕೆ ಅನುಮತಿ ಕೊಡುವಾಗ ಇಲ್ಲಾ ಅದನ್ನ ರದ್ದು ಮಾಡುವಾಗ ಮಾತ್ರ ‘ಟೇಕಾಫ್’ ಅನ್ನಬೇಕು, ಬೇರೆಲ್ಲಾ ಕಡೆ ‘ಡಿಪಾರ್ಚರ್’. ಒಂದು ಪದವನ್ನ ಒಂದೇ ಚಿತ್ರಕ್ಕೆ ಕಟ್ಟಿಹಾಕಿದ್ರು.

ವೈದ್ಯರಲ್ಲೂ ಒಂದು ಒಳ್ಳೆ ಪದ್ಧತಿ ಇದೆ, ಟೀಚ್‌ಬ್ಯಾಕ್ ಅಂತಾರೆ. ಅರ್ಥ ಆಯ್ತಾ ಅಂತ ಕೇಳಿದ್ರೆ ಎಲ್ಲರೂ ಆಯ್ತು ಅಂತಾನೇ ಹೇಳೋದು, ಅದರ ಬದಲು ಈ ಮಾತ್ರೆ ಹೇಗೆ ತಗೋತೀರಿ ಅಂತ ನಿಮ್ಮ ಮಾತಲ್ಲೇ ನನಗೆ ಹೇಳಿ ಅಂತ ರೋಗಿಯನ್ನ ಕೇಳೋದು. ಕೇಳಿದ್ದನ್ನ ಗಿಣಿಪಾಠ ಒಪ್ಪಿಸಿದ್ರೆ ಶಬ್ದ ದಾಟಿದ್ದು ಮಾತ್ರ ಗೊತ್ತಾಗತ್ತೆ, ಸ್ವಂತ ಮಾತಲ್ಲಿ ಹೇಳಿದಾಗ ಒಳಗೆ ಕಟ್ಟಿಕೊಂಡದ್ದು ಏನು ಅಂತ ಹೊರಗೆ ಬರತ್ತೆ. ಪಾಠ ಮಾಡೋರು, ಕೆಲಸ ಒಪ್ಪಿಸೋರು, ಯಾರೇ ಆಗಲಿ ಇದನ್ನ ಅಭ್ಯಾಸ ಮಾಡ್ಕೊಳ್ಳೋದು ಒಳ್ಳೇದು. ಇನ್ನೂ ಗಟ್ಟಿ ಬೇಕು ಅಂದ್ರೆ ನೀವು ಕೊಡದೇ ಇರೋ ಒಂದು ಉದಾಹರಣೆಯನ್ನ ಅವರಿಂದ ಕೇಳಿ, ಅಥವಾ ಯಾವ ಸಂದರ್ಭದಲ್ಲಿ ಈ ಮಾತು ಸುಳ್ಳಾಗತ್ತೆ ಅಂತ ಕೇಳಿ.

ಹೇಳೋರಿಗೇ ತಮ್ಮ ವಿಚಾರದ ಎಲ್ಲಾ ಭಾಗ ಗೊತ್ತಿರದೇ ಇರಬಹುದು, ಆ ಸಂದರ್ಭ ಎಲ್ಲಕ್ಕಿಂತ ಕಷ್ಟದ್ದು. 1970ರ ದಶಕದ ಮೊದಲಲ್ಲಿ ಟಿಇಎ ಲೇಸರ್ ಅನ್ನೋ ಒಂದು ಹೊಸ ಬಗೆಯ ಲೇಸರ್ ಅನ್ನ ಬೇರೆ ಬೇರೆ ಪ್ರಯೋಗಾಲಯಗಳು ಕಟ್ಟೋಕೆ ಒದ್ದಾಡ್ತಿದ್ದಾಗ ಹ್ಯಾರಿ ಕಾಲಿನ್ಸ್ ಅನ್ನೋ ಸಮಾಜಶಾಸ್ತ್ರಜ್ಞ ಅದನ್ನ ಹತ್ತಿರದಿಂದ ಅಧ್ಯಯನ ಮಾಡಿ 1974ರಲ್ಲಿ ಬರೆದ್ರು. ಪ್ರಕಟವಾದ ಲೇಖನಗಳನ್ನ ಮಾತ್ರ ಓದಿ ಕೆಲಸ ಮಾಡೋ ಲೇಸರ್ ಕಟ್ಟಿದವರು ಅವರಿಗೆ ಒಬ್ಬರೂ ಸಿಗಲಿಲ್ಲ, ಕಟ್ಟಿದವರೆಲ್ಲ ಮೊದಲೇ ಕಟ್ಟಿ ಗೆದ್ದವರ ಜೊತೆ ಸಂಪರ್ಕ ಇಟ್ಕೊಂಡಿದ್ದವರು. ಓದಿದವರು ದಡ್ಡರಲ್ಲ, ಬರೆದವರು ಮುಚ್ಚಿಟ್ಟದ್ದರಿಂದ ಮಾತ್ರ ಹೀಗಾಯ್ತು ಅಂತಾನೂ ಹೇಳಕ್ಕಾಗಲ್ಲ. ಒಂದು ವೈರ್ ಎಷ್ಟು ಉದ್ದ ಇರಬೇಕು ಅನ್ನೋ ತರದ ವಿವರ ಮುಖ್ಯ ಅಂತ ಕಟ್ಟಿದವರಿಗೇ ಗೊತ್ತಿರಲಿಲ್ಲ, ಅವರ ಕೈ ಅದನ್ನ ಸರಿಯಾಗಿ ಮಾಡ್ತಿತ್ತು ಅಷ್ಟೆ, ಗೊತ್ತಿಲ್ಲದ್ದನ್ನ ಬರೆಯೋದು ಹೇಗೆ. ಪಕ್ಕದಲ್ಲಿ ನಿಂತು ನೋಡಿದವರಿಗೆ, ಹೋಗಿ ಬಂದು ಮಾಡಿದವರಿಗೆ ಅದು ದಾಟ್ತು. ದಾಟಿದೆಯೋ ಇಲ್ವೋ ಅಂತ ತಿಳಿಯೋಕೆ ಅಲ್ಲಿ ಪರೀಕ್ಷೆ ಇದ್ದದ್ದು ಒಂದೇ, ಸ್ವಿಚ್ ಹಾಕಿದಾಗ ಲೇಸರ್ ಕೆಲಸ ಮಾಡಬೇಕು, ಮಾಡದಿದ್ರೆ ಎಲ್ಲೋ ಏನೋ ಬಿಟ್ಟುಹೋಗಿದೆ ಅಂತ ತಿರುಗಾ ಹೋಗಿ ಕೇಳಬೇಕು.